ಈರಣ್ಣನ ಕೋಟಿನ ಕಿಸೆಯ ಕಾಗದ

ಪುಣೆ, ಭವಾನಿ ಪೇಠ
೧೨ ಜನವರಿ ೧೯೩೪

ಹೆತ್ತವ್ವನಂತೆ ಸಾಕಿದ ಸಾವಂತ್ರವ್ವಕ್ಕನವರ ಪಾದಗಳಿಗೆ ತಮ್ಮ ಶಿವಪುತ್ರಪ್ಪನ ಶರಣು.

ತಂತಿ ಮುಟ್ಟಿರಬೇಕು. ನಿಮ್ಮ ಓಣಿಯ ನಾಗವ್ವನವರ ಯಜಮಾನರು, ನಮ್ಮ ಈರಣ್ಣ, ಸೋಮವಾರ ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟರು. ಬೆಲ್ಲದ ಅಡತಿ ಅಂಗಡಿಯಲ್ಲಿ ಅವರು ಗುಮಾಸ್ತರು, ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಹದಿನಾಲ್ಕು ವರ್ಷ ಒಂದೇ ಖಾನಾವಳಿಯಲ್ಲಿ ಎದುರುಬದುರು ಕೂತು ಉಂಡವರು. ಮಂಗಳೂರ ಕಡೆಯ ಮೋಹನದಾಸ್ ಎಂಬವರ ಹೋಟೆಲಿನ ಹಿತ್ತಲ ಬಾವಿಯಲ್ಲಿ ಈರಣ್ಣನ ದೇಹ ಸಿಕ್ಕಿತು. ನೀರು ಸೇದಲು ಬಂದ ನೆರೆಮನೆಯ ರಾಧಾಬಾಯಿ ಮೊದಲು ಕಂಡಳು.

ಕೋಟನ್ನು ಬಾವಿಯ ಪಕ್ಕದ ಗೂಟಕ್ಕೆ ತೂಗುಹಾಕಿದ್ದರು. ಅದರ ಕಿಸೆಯಲ್ಲಿ ಅವರದೇ ಕೈಬರಹದ ಒಂದು ಕಾಗದವಿತ್ತು. ಪೊಲೀಸ್ ಫೌಜದಾರರಿಗೆ ಕನ್ನಡ ಬಾರದು. ಓದಬಲ್ಲ ಸಭ್ಯ ಗೃಹಸ್ಥರು ಯಾರಿದ್ದಾರೆಂದು ವಿಚಾರಿಸಿದಾಗ ಇಡೀ ಪೇಠ ನನ್ನ ಹೆಸರು ಹೇಳಿತಂತೆ. ಜನರ ನಡುವೆ ನಿಂತು ಓದಿ, ಮರಾಠಿಯಲ್ಲಿ ಅರ್ಥ ಹೇಳಿದೆ:

"ಎಲೈ ಜಲವೇ! ಎಲೈ ನಿರ್ದಯ ವಿಧಿಯೇ! ಈ ಭೂಮಿಯು ನನ್ನ ಭಾರವನ್ನು ಹೊರಲಾರೆನೆನ್ನುತ್ತಿದೆ. ನೀನಾದರೂ ನಿನ್ನ ತಣ್ಣನೆಯ ತೋಳುಗಳಿಂದ ನನ್ನನ್ನು ಅಪ್ಪಿಕೋ. ಪ್ರಿಯೆ, ಕ್ಷಮಿಸು. ನಿನ್ನ ಕಣ್ಣೀರಿಗೆ ಅರ್ಹನಲ್ಲದ ನಾನು ಇದೋ ಹೊರಟೆ."

ಅಕ್ಕಾ, ಫೌಜದಾರರು ಕರವಸ್ತ್ರ ತೆಗೆದರು. ರಾಧಾಬಾಯಿಯಂತೂ ನಾನು ಅರ್ಥ ಹೇಳುವ ಮೊದಲೇ, ಕನ್ನಡ ಕೇಳಿಯೇ ಅತ್ತಳು. ಪಂಚನಾಮೆಯಲ್ಲಿ ಮೊದಲ ಸಹಿ ನನ್ನದು. ಆತ್ಮಹತ್ಯೆ ಎಂದು ಮ್ಯಾಜಿಸ್ಟ್ರೇಟ್ ಸಾಹೇಬರ ಹುಕುಮೂ ಆಯಿತು. ಸಂಜೆಗೆ ನಮ್ಮವರೆಲ್ಲ ಕೂಡಿ ಮಣ್ಣು ಕೊಟ್ಟೆವು. ಆ ಬರಹದ ಶೈಲಿಯ ಬಗ್ಗೆ ಜನ ಇನ್ನೂ ಮಾತಾಡುತ್ತಿದ್ದಾರೆ. ನಾಗವ್ವನವರಿಗೆ ಸಮಾಧಾನ ಹೇಳಿರಿ.

ನಿಮ್ಮ ಶಿವಪುತ್ರಪ್ಪ


ರೋಣ
೧೭ ಜನವರಿ ೧೯೩೪

ಶಿವಪುತ್ರಾ, ನೂರು ವರ್ಷ ಬಾಳು, ಆದರೆ ಸ್ವಲ್ಪ ಬುದ್ಧಿಯಿಂದ ಬಾಳು.

ನಿನ್ನ ಪತ್ರವನ್ನು ನಾಗವ್ವನಿಗೆ ಓದಿ ಹೇಳಿದೆ. ನೀನು ಎಷ್ಟು ಚೆನ್ನಾಗಿ ಓದಿದೆ ಎಂಬುದನ್ನು ಬಿಟ್ಟು ಉಳಿದದ್ದನ್ನು ಓದಿದೆ. ಸತ್ತವನ ಸುದ್ದಿ ಅರ್ಧ, ನಿನ್ನ ಸುದ್ದಿ ಅರ್ಧ ಇತ್ತು.

ಇಲ್ಲಿ ಒಬ್ಬರೂ ನಂಬುತ್ತಿಲ್ಲ. ಸಾಯುವ ನಾಲ್ಕು ದಿನ ಮೊದಲು ಈರಣ್ಣ ಹೆಂಡತಿಗೆ ಕಾರ್ಡು ಹಾಕಿದ್ದಾನೆ. ಶಿವರಾತ್ರಿಗೆ ಬರುತ್ತೇನೆ, ಮೆಣಸಿನಕಾಯಿ ಬಿಸಿಲಿಗೆ ಹಾಕಿರು, ಮಗಳು ಶಿವಗಂಗವ್ವನ ಕಾಲ್ಬೆರಳಿನ ಅಳತೆ ದಾರದಲ್ಲಿ ತೆಗೆದು ಕಳಿಸು, ಕಾಲುಂಗುರ ಮಾಡಿಸಬೇಕು ಅಂತ. ಬಾವಿಗೆ ಹಾರುವವನು ಕಾಲುಂಗುರದ ಅಳತೆ ಕೇಳುತ್ತಾನೇನು? ಇನ್ನು, ಭೂಮಿ ನನ್ನ ಭಾರ ಹೊರಲಾರದು ಎಂದು ಬರೆದಿದ್ದಾನಂತೆ. ಕಡ್ಡಿಯಂಥ ಮನುಷ್ಯ, ಎತ್ತಿನ ಗಾಡಿ ಹತ್ತಿದರೆ ಎತ್ತಿಗೇ ಗೊತ್ತಾಗುತ್ತಿರಲಿಲ್ಲ.

ಇವೆಲ್ಲ ಹಾಗಿರಲಿ. ನಾಗವ್ವನಿಗೆ ಚುಚ್ಚಿದ್ದು 'ಪ್ರಿಯೆ' ಎಂಬ ಮಾತು. ನನ್ನ ಕೈ ಹಿಡಿದುಕೊಂಡು ಹೇಳಿದಳು: "ಯಕ್ಕಾ, ಇಪ್ಪತ್ತೆರಡು ವರ್ಷ ನನ್ನ 'ಏ, ಇಕಿನ' ಅಂತ ಕರದಾರ. ಪ್ರಿಯೆ ಅಂದ್ರ ನಾ ಅಲ್ಲ. ಪುಣೇದಾಗ ಯಾವಾಕಿ ಅದಾಳಂತ ನಿಮ್ಮ ತಮ್ಮಗ ಕೇಳ್ರಿ."

ಶಿವಗಂಗವ್ವನನ್ನು ಕೊಡಬೇಕಾಗಿದ್ದ ಗಜೇಂದ್ರಗಡದ ಬೀಗರಿಂದಲೂ ಹೇಳಿಕೆ ಬಂದಿದೆ. ತಾವಾಗಿ ಜೀವ ಕಳೆದುಕೊಂಡವರ ಮನೆಯ ಹುಡುಗಿಯನ್ನು ತಂದುಕೊಳ್ಳಲು ಹಿರಿಯರು ಹಿಂದುಮುಂದು ನೋಡುತ್ತಾರಂತೆ. ಮದುವೆಗೆ ಮೂರು ತಿಂಗಳಿತ್ತು. ಆ ಹುಡುಗಿಯ ಮುಖ ನೋಡಲಾಗುವುದಿಲ್ಲ. ಸರಿಯಾಗಿ ವಿಚಾರಿಸಿ ಬರೆ.

ಅಕ್ಕ


ಪುಣೆ
೨೪ ಜನವರಿ ೧೯೩೪

ಪೂಜ್ಯ ಅಕ್ಕನವರಿಗೆ ನಮ್ರನಾದ ತಮ್ಮನ ಶರಣು.

ಸಂಶಯ ನಿಮ್ಮ ಓಣಿಗಷ್ಟೇ ಅಲ್ಲ, ಇಡೀ ಪೇಠಕ್ಕೆ ಬಂದಿದೆ. ಹುಕುಮು ಆತ್ಮಹತ್ಯೆ ಎನ್ನುತ್ತದೆ, ಜನ ಖೂನಿ ಎನ್ನುತ್ತಾರೆ. ಮೋಹನದಾಸರ ಮೇಲೆ ಎಲ್ಲರ ಕಣ್ಣು. ಈರಣ್ಣ ದಿನಾ ಅವರ ಕಾಫಿ ಕುಡಿದು, ಪಾತ್ರೆ ತೊಳೆದ ನೀರು ಇದಕ್ಕಿಂತ ಗಟ್ಟಿಯಾಗಿರುತ್ತದೆ ಎಂದು ಹತ್ತು ಜನರ ಎದುರು ಹೇಳುತ್ತಿದ್ದರು. ಆ ಸಿಟ್ಟಿಗೆ ನೂಕಿಬಿಟ್ಟ ಎಂಬುದು ಒಂದು ಪಕ್ಷ. ಅಡತಿಯ ವೈರಿಗಳು ಮಾಡಿಸಿದರು ಎಂಬುದು ಇನ್ನೊಂದು. ಈರಣ್ಣ ಸತ್ತೇ ಇಲ್ಲ, ಜೇಜುರಿಯ ಗುಡಿಯಲ್ಲಿ ಮೈತುಂಬ ಭಂಡಾರದ ಅರಿಸಿನ ಬಳಿದುಕೊಂಡು ಒಬ್ಬ ಹೆಂಗಸಿನ ಜೊತೆ ಮೆಟ್ಟಿಲು ಹತ್ತುತ್ತಿದ್ದುದನ್ನು ಕಂಡೆವು ಎನ್ನುವವರೂ ಇದ್ದಾರೆ. ಮಣ್ಣು ಕೊಟ್ಟವರಲ್ಲಿ ನಾನೂ ಒಬ್ಬ ಎಂದರೆ, ನಿಮಗೇನು ಗೊತ್ತು ಎಂದು ನನ್ನನ್ನೇ ಗದರಿಸುತ್ತಾರೆ.

ಪೇಠದ ಅರ್ಧ ಜನ ಮೋಹನದಾಸರ ಹೋಟೆಲಿಗೆ ಬಹಿಷ್ಕಾರ ಹಾಕಿದ್ದಾರೆ. ಉಳಿದರ್ಧ ಜನ ಬಾವಿ ನೋಡಲು ಬಂದು, ಬಂದದ್ದಕ್ಕೆ ಒಂದೊಂದು ತಟ್ಟೆ ಉಪ್ಪಿಟ್ಟು ತಿಂದು ಹೋಗುತ್ತಾರೆ. ಪಾಪ, ಅವರು ಅಳಬೇಕೋ ಬಡಿಸಬೇಕೋ ತಿಳಿಯದೆ ಸೌಟು ಹಿಡಿದು ನಿಂತಿರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಎಲ್ಲ ಪಕ್ಷದವರೂ ಒಂದು. ಕೈಬರಹ ಈರಣ್ಣನದು, ಮಾತು ಈರಣ್ಣನದಲ್ಲ. ಒಂದು ಮರಾಠಿ ವಾರಪತ್ರಿಕೆ ಆ ಕಾಗದದ ಭಾಷಾಂತರ ಅಚ್ಚು ಹಾಕಿತು. ಅದನ್ನು ಓದಿದ ಒಬ್ಬ ನಾಟಕ ಕಂಪನಿಯ ಯಜಮಾನರು, ಇಂಥ ಲೇಖಣಿ ಮಹಾರಾಷ್ಟ್ರದಲ್ಲೇ ಇಲ್ಲ ಎಂದರಂತೆ. ಬೆಲ್ಲದ ಗುಮಾಸ್ತನಿಗೆ ಇದು ಸಾಧ್ಯವೇ? ಯಾರೋ ಪಂಡಿತ ಕತ್ತಿ ತೋರಿಸಿ ಬರೆಸಿದ್ದಾನೆ, ಅವನೇ ಖೂನಿಗಾರ ಎನ್ನುತ್ತಾರೆ. ಇದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ದುಃಖದಿಂದ ಎಂದು ತಿಳಿಯಿರಿ.

ಪ್ರಿಯೆಯ ವಿಷಯ ನನಗೇನೂ ಗೊತ್ತಿಲ್ಲ. ಹೋದವರು ಹೋದರು, ಕೆದಕಿ ಏನು ಫಲ? ಇಲ್ಲಿಗೆ ಬಿಟ್ಟುಬಿಡುವುದು ಒಳ್ಳೆಯದು.

ಶಿವಪುತ್ರಪ್ಪ


ರೋಣ
೩೦ ಜನವರಿ ೧೯೩೪

ಶಿವಪುತ್ರಾ,

ಬೀಗರು ಸಂಬಂಧ ಮುರಿದರು. ಉಡಿ ತುಂಬಿದ್ದ ಸೀರೆಯನ್ನು ನಾಗವ್ವ ನಿನ್ನೆ ತಿರುಗಿ ಕಳಿಸಿದಳು. ಕಳಿಸುವ ಮೊದಲು ಮಡಿಕೆ ಸರಿಮಾಡಿ, ಮೇಲೆ ಕೈಯಾಡಿಸಿ ಕೊಟ್ಟಳು. ಆಗಿನಿಂದ ಒಂದು ತುತ್ತು ಉಂಡಿಲ್ಲ.

ಈಗ ನನಗೆ ನಿಜ ಹೇಳು. ಆ ಕಾಗದ ಬರೆದವನು ನೀನು.

ಇಲ್ಲ ಎನ್ನಬೇಡ. ನಮ್ಮ ಎಮ್ಮೆ ಗೌರಿ ಸತ್ತಾಗ ನೀನು ನನಗೆ ಬರೆದ ಪತ್ರ ಪೆಟ್ಟಿಗೆಯಲ್ಲಿ ಇತ್ತು, ರಾತ್ರಿ ತೆಗೆದು ನೋಡಿದೆ. "ಎಲೈ ನಿರ್ದಯ ವಿಧಿಯೇ! ಈ ಗೋದಲಿಯು ಬರಿದಾಯಿತಲ್ಲಾ!" ಎಂದು ಶುರುವಾಗುತ್ತದೆ. ಮುಂದೆ ಎಮ್ಮೆಯನ್ನೂ ಪ್ರಿಯೆ ಎಂದಿದ್ದೀಯ. ವಿಧಿಯನ್ನು ಹೀಗೆ ಎಲೈ ಎಂದು ಕರೆದು ಬಯ್ಯುವವನು ನಮ್ಮ ಮನೆತನದಲ್ಲಿ, ಈ ತಾಲೂಕಿನಲ್ಲಿ, ನೀನೊಬ್ಬನೇ.

ಪುಣೆಯ ಜನ ಹೇಳುವಂತೆ ಆ ಕಾಗದ ಬರೆದವನೇ ಕೊಂದವನು. ನಿನಗೆ ತುತ್ತು ಮಾಡಿ ಉಣಿಸಿದ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನೀನು ಇರುವೆ ತುಳಿಯದವನು ಎಂದು ಎಲ್ಲರೆದುರು ಹೇಳಿಕೊಂಡು ಬಂದಿದ್ದೇನೆ. ಏನು ಮಾಡಿದ್ದೀಯ, ತಮ್ಮಾ?

ಅಕ್ಕ


ಪುಣೆ
೩ ಫೆಬ್ರವರಿ ೧೯೩೪

ಅಕ್ಕಾ,

ನಾನು ಯಾರನ್ನೂ ಕೊಂದಿಲ್ಲ. ನೀನೂ ಹಾಗೆ ಕೇಳಿಬಿಟ್ಟೆಯಲ್ಲ.

ಅದು ನಾಟಕದ ಮಾತು. ನಾಟಕದ ಹುಚ್ಚು ಬಿಟ್ಟೆ ಎಂದು ನಿನ್ನ ಮುಂದೆ ಆಣೆ ಮಾಡಿದ್ದೆ, ಬಿಟ್ಟಿರಲಿಲ್ಲ. ಇಲ್ಲಿಯ ಕನ್ನಡ ಮಂದಿ ಕೂಡಿ ಒಂದು ಸಂಘ ಮಾಡಿಕೊಂಡಿದ್ದೇವೆ. ಯುಗಾದಿಗೆ ನನ್ನ 'ರಾಜಾ ಧವಳಕೇತು' ಆಡುವುದಿತ್ತು. ಮೋಹನದಾಸರ ಹೋಟೆಲಿನ ಅಟ್ಟದ ಮೇಲೆ ತಾಲೀಮು. ಈರಣ್ಣ ರಾಜ. ರಾಜ್ಯ ಕಳೆದುಕೊಂಡು ಸರೋವರದ ದಂಡೆಯಲ್ಲಿ ನಿಂತು ಆ ಮಾತು ಹೇಳುತ್ತಾನೆ, ಅಷ್ಟರಲ್ಲಿ ರಾಣಿ ಬಂದು ಕೈ ಹಿಡಿಯುತ್ತಾಳೆ. ನಮ್ಮಲ್ಲಿ ನಾಟಕದ ಪ್ರತಿ ಒಂದೇ ಇರುತ್ತದೆ. ಪ್ರತಿಯೊಬ್ಬನೂ ತನ್ನ ಮಾತನ್ನಷ್ಟೇ ನಕಲು ಮಾಡಿಕೊಂಡು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾನೆ. ಎದುರಿನವರ ಮಾತು ಬರೆದುಕೊಳ್ಳುವುದಿಲ್ಲ, ಕಾಗದ ದಂಡ. ಹೀಗಾಗಿ ಈರಣ್ಣನ ಕಿಸೆಯಲ್ಲಿ 'ಹೊರಟೆ' ಎಂಬುದಿತ್ತು, ರಾಣಿ ತಡೆದದ್ದು ಇರಲಿಲ್ಲ.

ಬಾವಿಯ ಹತ್ತಿರ ಕಾಗದ ಬಿಚ್ಚಿದೊಡನೆ ನನಗೆ ಗೊತ್ತಾಯಿತು. ಓದಿ ಮುಗಿಸಿ ಹೇಳೋಣ ಎಂದುಕೊಂಡೆ. ಮರಾಠಿಯಲ್ಲಿ ಅರ್ಥ ಹೇಳುತ್ತಿದ್ದಂತೆ ಫೌಜದಾರರ ಕಣ್ಣು ತುಂಬಿತು. ಹದಿನೈದು ವರ್ಷದಿಂದ ಬರೆಯುತ್ತಿದ್ದೇನೆ, ಅಕ್ಕಾ. ನನ್ನ ಮಾತಿಗೆ ಒಬ್ಬನೂ ಅತ್ತಿರಲಿಲ್ಲ. ಇದು ನಾಟಕ ಎನ್ನುವ ಬದಲು ಕಾಗದ ಮಡಿಸಿ ಅವರ ಕೈಗೆ ಕೊಟ್ಟೆ. ಆಮೇಲೆ ಸಹಿ ಆಯಿತು, ಹುಕುಮು ಆಯಿತು, ಪತ್ರಿಕೆಯಲ್ಲಿ ಬಂತು. ಸಂಘದ ಉಳಿದವರೂ ಪೊಲೀಸರ ಹೆದರಿಕೆಗೆ ಬಾಯಿ ಹೊಲಿದುಕೊಂಡರು.

ಈಗ ಪೇಠದ ಮುನ್ನೂರು ಜನ ಸಹಿ ಮಾಡಿ ಅರ್ಜಿ ಕೊಟ್ಟಿದ್ದಾರೆ. ಕಾಗದ ರಚಿಸಿದ ಪಂಡಿತನನ್ನು ಫೌಜದಾರರು ಹುಡುಕುತ್ತಿದ್ದಾರೆ. ನನ್ನನ್ನೇ ಕರೆದು, ಕನ್ನಡದಲ್ಲಿ ಇಷ್ಟು ಚೆನ್ನಾಗಿ ಬರೆಯುವವರು ಯಾರಿದ್ದಾರೆ ಹೇಳಿ ಎಂದು ಕೇಳಿದರು. ಇಂಥ ಪ್ರಶ್ನೆಗಾಗಿ ಜನ್ಮವಿಡೀ ಕಾದಿದ್ದೆ, ಉತ್ತರ ಹೇಳಲಾಗದ ಹೊತ್ತಿನಲ್ಲಿ ಬಂತು.

ಎಮ್ಮೆಯ ಪತ್ರವನ್ನು ದಯವಿಟ್ಟು ಸುಟ್ಟುಬಿಡು.

ಶಿವಪುತ್ರ


ರೋಣ
೭ ಫೆಬ್ರವರಿ ೧೯೩೪

ತಮ್ಮಾ,

ಎಷ್ಟೋ ದಿನದ ಮೇಲೆ ಇವತ್ತು ಹೊಟ್ಟೆತುಂಬ ಉಂಡೆ. ಈ ಸಲದ ಪತ್ರದಲ್ಲಿ 'ನೀವು' ಬಿಟ್ಟು 'ನೀನು' ಎಂದಿದ್ದೀಯ. ಸುಳ್ಳು ಹೇಳುವಾಗ ಮಾತ್ರ ನೀನು ನನಗೆ ಅಷ್ಟು ಮರ್ಯಾದೆ ಕೊಡುತ್ತೀಯ ಎಂದು ಮೊದಲೇ ತಿಳಿಯಬೇಕಿತ್ತು.

ಎಮ್ಮೆಯ ಪತ್ರ ಸುಡುವುದಿಲ್ಲ. ಲಕೋಟೆಯಲ್ಲಿ ಹಾಕಿ, ಪುಣೆಯ ಫೌಜದಾರರಿಗೆ ಎಂದು ವಿಳಾಸ ಬರೆಸಿ ಇಟ್ಟಿದ್ದೇನೆ. ಶಿವರಾತ್ರಿಯೊಳಗೆ ನೀನಾಗಿ ಹೋಗಿ ಹೇಳದಿದ್ದರೆ ಅದು ಅಂಚೆಗೆ ಬೀಳುತ್ತದೆ. ನಿನ್ನ ಬರಹದ ಜಾತಕ ಅದರಲ್ಲಿದೆ.

ನಿನ್ನ ಒಂದು ಚಪ್ಪಾಳೆಗಾಗಿ ಒಬ್ಬ ಹೆಂಗಸು ಗಂಡನನ್ನು ಎರಡು ಸಲ ಕಳೆದುಕೊಂಡಿದ್ದಾಳೆ. ಒಂದು ಸಲ ಬಾವಿಗೆ, ಇನ್ನೊಂದು ಸಲ ಇಲ್ಲದ ಸವತಿಗೆ. ಒಂದು ಹುಡುಗಿಯ ಮದುವೆ ನಿಂತಿದೆ. ಒಬ್ಬ ಹೋಟೆಲಿನವನ ಹೆಸರು ಕೆಟ್ಟಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನೀನು ಮಾಡಿದ್ದನ್ನು ಇವರೆಲ್ಲ ಉಣ್ಣುತ್ತಿದ್ದಾರೆ. ಎದ್ದು ಹೋಗು.

ಅಕ್ಕ


ಪುಣೆ
೧೯ ಫೆಬ್ರವರಿ ೧೯೩೪

ಅಕ್ಕಾ,

ಹೋದೆ, ಹೇಳಿದೆ. ಫೌಜದಾರರು ನಂಬಲಿಲ್ಲ. ಇಷ್ಟು ನಿಜವಾದ ದುಃಖವನ್ನು ಸರಕಾರಿ ಗುಮಾಸ್ತ ಕೂತು ಬರೆಯಲಾರ, ನೀವು ಯಾರನ್ನೋ ಕಾಪಾಡುತ್ತಿದ್ದೀರಿ ಎಂದರು. ಹಸ್ತಪ್ರತಿ ಕೊಟ್ಟರೆ, ಇದನ್ನು ಖೂನಿಯಾದ ಮೇಲೆ ಬರೆದಿರಬಹುದು ಎಂದರು. ಸಂಘದವರಿಗೆಲ್ಲ ಮಾತು ಬಾಯಿಪಾಠ ಬಂದರೆ ಮಾತ್ರ ಒಪ್ಪುತ್ತೇನೆ, ನನ್ನ ಮುಂದೆ ನಿಂತು ಆಡಿ ತೋರಿಸಿ ಎಂದು ಹಟ ಹಿಡಿದರು.

ಹೀಗಾಗಿ ಶನಿವಾರ ಹೋಟೆಲಿನ ಅಟ್ಟದ ಮೇಲೆ, ಪೊಲೀಸ್ ಪಹರೆಯಲ್ಲಿ, 'ರಾಜಾ ಧವಳಕೇತು' ಮೊದಲ ಪ್ರಯೋಗ ಕಂಡಿತು. ಮುಂದಿನ ಸಾಲಿನಲ್ಲಿ ಫೌಜದಾರರು, ಕೋರ್ಟಿನ ಕಾರಕೂನರು, ರಾಧಾಬಾಯಿ. ಹಿಂದೆ, ಮೆಟ್ಟಿಲ ಮೇಲೆ, ಕಿಟಕಿಯಲ್ಲಿ ಅರ್ಜಿಗೆ ಸಹಿ ಮಾಡಿದ ಮುನ್ನೂರು ಜನ. ರಾಣಿಯ ಪಾತ್ರ ರೈಲ್ವೆ ಕಚೇರಿಯ ಭುಜಂಗನದು. ತಂದೆ ಬದುಕಿರುವಾಗ ಮೀಸೆ ತೆಗೆಯುವುದಿಲ್ಲ ಎಂದು ಅವನ ಹಟ. ಸೆರಗು ಕಚ್ಚಿಕೊಂಡೇ ಮಾತಾಡಿದ. ಈರಣ್ಣನ ಪಾತ್ರ ಬೇರೆ ಯಾರಿಗೂ ಬಾರದ್ದರಿಂದ ನಾನೇ ರಾಜ. ಸರೋವರಕ್ಕೆಂದು ಮೋಹನದಾಸರು ಹಿಟ್ಟಿನ ಕೊಪ್ಪರಿಗೆಯಲ್ಲಿ ನೀರು ತುಂಬಿ ಇಟ್ಟಿದ್ದರು.

ನನ್ನ ಮೈಕಟ್ಟು ನಿನಗೆ ಗೊತ್ತು. "ಈ ಭೂಮಿಯು ನನ್ನ ಭಾರವನ್ನು ಹೊರಲಾರೆನೆನ್ನುತ್ತಿದೆ" ಎಂದು ಕಾಲು ಮುಂದಿಟ್ಟೆ. ಅಟ್ಟದ ಹಲಗೆ ಕಿರ್ರೆಂದಿತು. ಜನ ನಕ್ಕರು. ತಣ್ಣನೆಯ ತೋಳುಗಳಿಂದ ಅಪ್ಪಿಕೋ ಎಂದು ಕೊಪ್ಪರಿಗೆಯ ಕಡೆ ಕೈ ಚಾಚಿದಾಗ ಮೆಟ್ಟಿಲ ಮೇಲಿನವರು ಬಿದ್ದು ಬಿದ್ದು ನಕ್ಕರು. ಭುಜಂಗ ಓಡಿಬಂದು ಕೈ ಹಿಡಿದಾಗ ಸೆರಗು ಜಾರಿ ಮೀಸೆ ಕಂಡಿತು. ಆಮೇಲಿನ ಮಾತು ಯಾರಿಗೂ ಕೇಳಲಿಲ್ಲ. ಫೌಜದಾರರು ಅದೇ ಕರವಸ್ತ್ರ ತೆಗೆದರು, ನಗುವಿನ ಕಣ್ಣೀರು ಒರೆಸಿಕೊಳ್ಳಲು. ಒಂದಕ್ಷರ ಬದಲಾಗಿರಲಿಲ್ಲ ಅಕ್ಕಾ, ಅದೇ ಮಾತು. ನನಗೆ ಭಾಳ ಕೆಟ್ಟೆನಿಸಿತು. ಆದರೆ ಎಲ್ಲರಿಗೂ ಮಾತು ಬಾಯಿಪಾಠ ಬಂತೆಂಬುದು ಸಾಬೀತಾಯಿತು.

ಪಂಚನಾಗಿ ನಿಂತು ನಿಜ ಮುಚ್ಚಿಟ್ಟದ್ದಕ್ಕೆ ಮ್ಯಾಜಿಸ್ಟ್ರೇಟ್ ಸಾಹೇಬರು ನನ್ನನ್ನು ಕಾಲು ತಾಸು ನಿಲ್ಲಿಸಿ ಉಗಿದರು. ಹುಕುಮು ಬದಲಾಗಿದೆ. ನಾಟಕದ ಮಾತು ಅಭ್ಯಾಸ ಮಾಡುವಾಗ ಕಾಲು ಜಾರಿ ಆದ ಅಪಘಾತ ಎಂದು ಬರೆದಿದ್ದಾರೆ. ನಕಲು ಇದರ ಜೊತೆಗಿದೆ, ಗಜೇಂದ್ರಗಡಕ್ಕೆ ತೋರಿಸು. ಮೋಹನದಾಸರ ಹೋಟೆಲಿಗೆ ಎಲ್ಲರೂ ಮರಳಿದ್ದಾರೆ. ಕಾಫಿ ಮೊದಲಿನಂತೆಯೇ ಇದೆ.

ಶಿವಪುತ್ರ


ರೋಣ
೨೫ ಫೆಬ್ರವರಿ ೧೯೩೪

ತಮ್ಮಾ,

ನಿನಗೆ ಒಳ್ಳೆಯದಾಗಲಿ. ಹುಕುಮಿನ ನಕಲನ್ನು ನಮ್ಮ ಮನೆಯವರು ಗಜೇಂದ್ರಗಡಕ್ಕೆ ಒಯ್ದು ಹಿರಿಯರ ಮುಂದೆ ಓದಿಸಿದರು. ಸೀರೆ ತಿರುಗಿ ಬಂತು. ಚೈತ್ರದಲ್ಲಿ ಮದುವೆ. ಶಿವಗಂಗವ್ವ ನಿನ್ನೆ ನಮ್ಮ ಮನೆಗೆ ಬಂದು, ಯಾರೂ ಹೇಳದೆ ನನ್ನ ಜೋಳದ ಚೀಲ ಹಸನು ಮಾಡಿಕೊಟ್ಟು ಹೋದಳು.

ಸವತಿ ಎಂದರೆ ಮೀಸೆ ಇರುವ ರೈಲ್ವೆ ಗುಮಾಸ್ತ ಎಂದು ಓದಿದಾಗ ನಾಗವ್ವ ನಂಬಲಿಲ್ಲ. ಅದನ್ನೇ ಇನ್ನೊಂದು ಸಲ ಓದಿಸಿದಳು. ಆಮೇಲೆ ಒಂದೇ ಮಾತು ಕೇಳಿದಳು: "ತಾಲೀಮು ಅಟ್ಟದ ಮ್ಯಾಲೆ ಅಂತಾರ. ಇವರು ಒಬ್ಬರೇ ನಸುಕಿನ್ಯಾಗ ಬಾವಿ ಕಡೆ ಯಾಕ ಹೋದ್ರು?"

ನಿನ್ನ ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ಕೊಪ್ಪರಿಗೆಯ ವರ್ಣನೆ ಇದೆ, ಇದಿಲ್ಲ. ನಿನಗೆ ಗೊತ್ತಿದೆ ಎಂದು ನನಗೂ ಗೊತ್ತಿದೆ. ಬರೆ.

ಅಕ್ಕ


ಪುಣೆ
೧ ಮಾರ್ಚ್ ೧೯೩೪

ಅಕ್ಕಾ,

ಇದನ್ನು ಬರೆಯಲು ನಾಲ್ಕು ಕಾಗದ ಹರಿದೆ.

ಈರಣ್ಣನಿಗೆ ಉಳಿದ ಮಾತೆಲ್ಲ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. 'ಪ್ರಿಯೆ' ಎಂಬಲ್ಲಿ ಮಾತ್ರ ನಿಲ್ಲುತ್ತಿದ್ದರು. ಕಿವಿ ಕೆಂಪಾಗುತ್ತಿತ್ತು, ಕೆಮ್ಮುತ್ತಿದ್ದರು, ನೀರು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಸಾಯುವ ಹಿಂದಿನ ದಿನ, ಭಾನುವಾರ, ನನಗೆ ಸಿಟ್ಟು ಬಂತು. ನಾಳೆ ಅದೊಂದು ಮಾತು ಬಾಯಿಂದ ಹೊರಡದಿದ್ದರೆ ಪಾತ್ರ ಬೇರೆಯವರಿಗೆ ಕೊಡುತ್ತೇನೆ, ಜನರೆದುರು ನಾಚಿಕೆಯಾದರೆ ಬೆಳಗ್ಗೆ ಯಾರೂ ಏಳುವ ಮೊದಲು ಬಾವಿಗೆ ಬಗ್ಗಿ ನೂರು ಸಲ ಕೂಗಿರಿ, ನಿಮ್ಮ ದನಿ ನಿಮಗೇ ತಿರುಗಿ ಕೇಳಿಸಿದರೆ ನಾಚಿಕೆ ಹೋಗುತ್ತದೆ ಎಂದೆ. ಅವರು ತಲೆಯಾಡಿಸಿದರು. ಅವರು ಯಾವತ್ತೂ ನನಗೆ ಎದುರಾಡಿದವರಲ್ಲ.

ಕಟ್ಟೆಯ ಮೇಲೆ ಪಾಚಿ ಇತ್ತು. ಇನ್ನೇನೂ ಇಲ್ಲ. ಆ ಕಾಗದವನ್ನು ಅಷ್ಟು ಗಟ್ಟಿಯಾಗಿ ಓದಿದ್ದರಲ್ಲಿ ಹೆಮ್ಮೆಯಷ್ಟೇ ಇರಲಿಲ್ಲ. ಅವರಾಗಿಯೇ ಹಾರಿದರೆಂದು ಜನ ನಂಬಿದರೆ, ಕಳಿಸಿದವನು ಯಾರೆಂದು ಯಾರೂ ಕೇಳುವುದಿಲ್ಲ ಎಂಬ ಲೆಕ್ಕವೂ ಇತ್ತು. ನಾಗವ್ವನವರ ಕಾಲು ಹಿಡಿಯಬೇಕು ಎನಿಸುತ್ತದೆ, ಬರಲು ಮುಖವಿಲ್ಲ. ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಶಿವಪುತ್ರ


ರೋಣ
೬ ಮಾರ್ಚ್ ೧೯೩೪

ತಮ್ಮಾ,

ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ.

ಮದುವೆಗೆ ನೀನು ಬರಲೇಬೇಕು ಎಂದು ನಾಗವ್ವ ಹೇಳಿದ್ದಾಳೆ. ತಂದೆಯ ಜಾಗದಲ್ಲಿ ನಿಂತು ಮಾಡುವ ಕೆಲಸವೆಲ್ಲ ನಿನ್ನದಂತೆ. ಕಾಲುಂಗುರ ಪುಣೆಯಲ್ಲೇ ಮಾಡಿಸಿ ತಾ, ಅಳತೆಯ ದಾರ ಇದರಲ್ಲಿಟ್ಟಿದ್ದೇನೆ. ಆಕೆಗೆ ನಿನ್ನ ಮೇಲೆ ಸಿಟ್ಟಿಲ್ಲ. ನನಗಿದೆ, ಬಂದಾಗ ತೀರಿಸಿಕೊಳ್ಳುತ್ತೇನೆ.

ಪತ್ರ ಕೇಳುತ್ತ ಆಕೆ ಮೊರದಲ್ಲಿದ್ದ ಜೋಳ ಹಸನು ಮಾಡುತ್ತಿದ್ದಳು, ಮುಗಿದಾಗ ಮೊರ ಕೆಳಗಿಟ್ಟಳು. ಗಂಡ ಸತ್ತಂದಿನಿಂದ ಆಕೆ ಜನರೆದುರು ಅತ್ತಿರಲಿಲ್ಲ, ನಕ್ಕಿರಲೂ ಇಲ್ಲ. ಅವತ್ತು ಎರಡೂ ಒಟ್ಟಿಗೇ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ:

"ಆ ಮೀಸೀ ಭುಜಂಗಗ ಪ್ರಿಯೆ ಅನ್ನಾಕ ನಾಚಿಕಿ ಬಂದ್ರ ಬಾವಿಗ್ಯಾಕ ಹೋಗಬೇಕಿತ್ತು ಯಕ್ಕಾ? ಊರಿಗೆ ಬಂದು ನನಗ ಅಂದು ರೂಢಿ ಮಾಡ್ಕೊಂಡಿದ್ರ ಆಗ್ತಿತ್ತು. ನಾ ಏನು ಬ್ಯಾಡ ಅಂತಿದ್ನ್ಯಾ?"

ಅಕ್ಕ